ಒಂದೇ ರಿಂಗು, ಹತ್ತು ರಸ್ತೆ

"ಮುಂದೆ ಒಂದು ರಿಂಗ್ ಸಾಕಾ, ಎರಡು ಬೇಕಾ?" ರೋಡ್ ಬೈಕ್ ಕೊಳ್ಳಲು ಹೊರಟ ಸ್ನೇಹಿತರು ಮೊದಲು ಕೇಳುವುದೇ ಇದನ್ನು. ಅವರಿಗೆ ಬೇಕಿರುವುದು ರೇಸಿನ ಸೈಕಲ್ ಅಲ್ಲ. ವಾರದ ದಿನಗಳಲ್ಲಿ ಆಫೀಸಿಗೆ, ಭಾನುವಾರ ನಂದಿಬೆಟ್ಟಕ್ಕೆ, ಮಳೆ ನಿಂತ ಮೇಲೊಮ್ಮೆ ಮಲೆನಾಡಿಗೆ ಹೋಗಿಬರುವಂಥದ್ದು. 32 ಮಿಲಿಮೀಟರ್ ಟೈರು, ಡಿಸ್ಕ್ ಬ್ರೇಕು, ಹಿಂದೆ ಚೀಲ ಕಟ್ಟಲು ಜಾಗ. ಇಂಥ ಸೈಕಲ್ಲಿಗೆ ಒಂದೇ ರಿಂಗ್ ಒಪ್ಪುತ್ತದೆ ಅನ್ನುವ ಪಕ್ಷ ನನ್ನದು. ಆದರೆ ಯಾವ ರಿಂಗು (ಪೆಡಲಿನ ಬಳಿಯ ಹಲ್ಲುಚಕ್ರ), ಯಾವ ಕ್ಯಾಸೆಟ್ಟು (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಅನ್ನುವುದು ಕಣ್ಣಳತೆಯಲ್ಲಿ ತೀರ್ಮಾನಿಸುವ ವಿಷಯ ಅಲ್ಲ.

1. ರಿಂಗನ್ನು ಆರಿಸುವಾಗ ಘಾಟಿಯನ್ನು ಮರೆತುಬಿಡಿ

ಘಾಟಿಯ ಭಯಕ್ಕೆ 36, 38 ಹಲ್ಲಿನ ರಿಂಗ್ ಹಾಕಿಸಿಕೊಳ್ಳುವವರು ಬಹಳ. ಆದರೆ ನಾವು ತುಳಿಯುವ ಹೆಚ್ಚು ಕಿಲೋಮೀಟರುಗಳು ಸಮತಟ್ಟಾದ ರಸ್ತೆಯಲ್ಲೇ ಇರುತ್ತವೆ. ಅಲ್ಲಿ ನಿಮ್ಮ ವೇಗ ಎಷ್ಟು ಅನ್ನುವುದರಿಂದ ಲೆಕ್ಕ ಶುರುವಾಗಬೇಕು.

ಲೆಕ್ಕ ಸುಲಭ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಸಿಗುತ್ತದೆ. 700×32 ಟೈರಿನ ಸುತ್ತಳತೆ ಸುಮಾರು 2.15 ಮೀಟರ್. ದೇವನಹಳ್ಳಿ ರಸ್ತೆಯಲ್ಲಿ ಒಬ್ಬರೇ ಗಂಟೆಗೆ 27 ಕಿಲೋಮೀಟರಿನಂತೆ ಹೋಗುವವರು ಎಂದುಕೊಳ್ಳಿ. 42ರ ರಿಂಗ್ ಇದ್ದರೆ ಹಿಂದೆ 17ರ ಹಲ್ಲಿನಲ್ಲಿ ನಿಮಿಷಕ್ಕೆ ಸುಮಾರು 85 ಸುತ್ತು, ಕಾಲಿಗೆ ಹಿತ. 40 ಇದ್ದರೆ ಅದೇ 17ರಲ್ಲಿ 89. 38ಕ್ಕೆ ಇಳಿದಿರೋ, 17ರಲ್ಲಿ 94 ಸುತ್ತು ತಿರುಗಿಸಬೇಕು, ಇಲ್ಲವೇ 15ಕ್ಕೆ ಹೋಗಬೇಕು. 15 ಎಂದರೆ ಕ್ಯಾಸೆಟ್ಟಿನ ಹೊರ ಅಂಚಿನಿಂದ ಮೂರನೆಯದು. ಚೈನು ದಿನವಿಡೀ ಓರೆಯಾಗಿ ಓಡುತ್ತದೆ, ಸಣ್ಣ ಹಲ್ಲುಗಳು ಬೇಗ ಸವೆಯುತ್ತವೆ. ದಿನನಿತ್ಯದ ವೇಗ ಕ್ಯಾಸೆಟ್ಟಿನ ನಡುಭಾಗದ ಹತ್ತಿರ ಬೀಳುವಂಥ ರಿಂಗೇ ಸರಿಯಾದ ರಿಂಗು. ಗಂಟೆಗೆ 25ರ ಆಸುಪಾಸಿನಲ್ಲಿ ಹೋಗುವವರಿಗೆ 40, ಇನ್ನಷ್ಟು ಜೋರಾಗಿ ಹೋಗುವವರಿಗೆ 42.

2. ಘಾಟಿಯ ಲೆಕ್ಕ ಕ್ಯಾಸೆಟ್ಟಿಗೆ ಬಿಡಿ

ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ, ಕಾಲಿನ ಶಕ್ತಿ 150 ವ್ಯಾಟ್. ಇದು ಸಾಧಾರಣ ಹವ್ಯಾಸಿಯ ಲೆಕ್ಕ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಇಂಥವರ ವೇಗ ಗಂಟೆಗೆ 7 ಕಿಲೋಮೀಟರ್ ಚಿಲ್ಲರೆ. 40ರ ರಿಂಗಿಗೆ 11-34ರ ಕ್ಯಾಸೆಟ್ ಜೋಡಿಸಿದರೆ ಈ ಏರಿನಲ್ಲಿ ಪೆಡಲ್ ತಿರುಗುವುದು ನಿಮಿಷಕ್ಕೆ 47 ಸುತ್ತು. ಪ್ರತಿ ಸುತ್ತಿಗೂ ಮೊಣಕಾಲು ನೆನಪಾಗುತ್ತದೆ. ಅದೇ 40ಕ್ಕೆ 11-42 ಹಾಕಿದರೆ 58. ನಂದಿಯ ತಿರುವುಗಳಲ್ಲಿ ಈ ಹನ್ನೊಂದು ಸುತ್ತಿನ ವ್ಯತ್ಯಾಸ ಏನು ಅನ್ನುವುದು ಸೀಟಿನಿಂದ ಏಳದೆ ಹತ್ತಿ ನೋಡಿದವರಿಗೆ ಗೊತ್ತು.

ಎರಡು ರಿಂಗಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ 34ರ ರಿಂಗು, 32ರ ಹಿಂಬದಿ ಹಲ್ಲು ಇದೇ ಏರಿನಲ್ಲಿ ಕೊಡುವುದು 52 ಸುತ್ತು. ಅಂದರೆ ಘಾಟಿಗೆ ಎರಡು ರಿಂಗ್ ಬೇಕೇಬೇಕು ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಮಾತ್ರ ಬೇರೆ ಜಾತಿ. 36 ಹೇರ್‌ಪಿನ್ ತಿರುವು, ಹತ್ತು ಶೇಕಡಾ ದಾಟುವ ಏರು. ಅಲ್ಲಿ 40-42ರಲ್ಲೂ ಸುತ್ತು 47ಕ್ಕೆ ಇಳಿಯುತ್ತದೆ. ರಿಂಗನ್ನು 38 ಮಾಡಿದರೆ ಸಿಗುವುದು ಇನ್ನೆರಡು ಮೂರು ಸುತ್ತು ಅಷ್ಟೇ. ಅಷ್ಟಕ್ಕೋಸ್ಕರ ವರ್ಷಪೂರ್ತಿ ಸಮತಟ್ಟಿನಲ್ಲಿ ಸಣ್ಣ ಹಲ್ಲುಗಳ ಮೇಲೆ ಓಡುವುದು ನನಗೆ ಲಾಭದ ವ್ಯಾಪಾರ ಅನ್ನಿಸುವುದಿಲ್ಲ.

3. ಟಾಪ್ ಗೇರಿನ ಚಿಂತೆ ಬೇಡ

40-11ರಲ್ಲಿ ನಿಮಿಷಕ್ಕೆ 90 ಸುತ್ತಿಗೆ ಗಂಟೆಗೆ 42 ಕಿಲೋಮೀಟರ್. 50-11 ಇದ್ದರೆ 53. ಇಳಿಜಾರಿನಲ್ಲಿ 45 ದಾಟಿದ ಮೇಲೆ ತುಳಿಯುವುದು ಬಿಟ್ಟು ರಸ್ತೆಗುಂಡಿ ನೋಡುವುದು ಒಳ್ಳೆಯದು. 200 ಕಿಲೋಮೀಟರಿನ ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಕೊಡುವ ಸಮಯವೇ ಹದಿಮೂರೂವರೆ ಗಂಟೆ. ಅದನ್ನು ಮುಗಿಸಲು ಗಂಟೆಗೆ 53ರ ಗೇರ್ ಯಾರಿಗೂ ಬೇಕಾಗಿಲ್ಲ.

4. "ಗ್ಯಾಪ್ ಜಾಸ್ತಿ" ಎಂದು ಹೇಳುವವರ ವೇಗ ಎಷ್ಟು ಅಂತ ಕೇಳಿ

ಒಂದೇ ರಿಂಗಿನ ಮೇಲಿರುವ ದೊಡ್ಡ ದೂರು ಇದು: ಗೇರಿನಿಂದ ಗೇರಿಗೆ ಅಂತರ ಹೆಚ್ಚು, ಕಾಲಿನ ಲಯ ತಪ್ಪುತ್ತದೆ ಎಂದು. ದೂರು ಸುಳ್ಳಲ್ಲ, ಆದರೆ ಎಲ್ಲರಿಗೂ ಅನ್ವಯಿಸುವುದಿಲ್ಲ.

ಶಿಮಾನೊದ 11 ಸ್ಪೀಡಿನ 11-42 ಕ್ಯಾಸೆಟ್ಟಿನ ಹಲ್ಲುಗಳು 11-13-15-17-19-21-24-28-32-37-42. ಎರಡು ರಿಂಗಿನವರು ಬಳಸುವ 11-30ರಲ್ಲಿ 11-12-13-14-15-17-19-21-24-27-30. ಈಗ 27 ಕಿಲೋಮೀಟರ್ ವೇಗಕ್ಕೆ ಬನ್ನಿ. 50ರ ರಿಂಗಿನವರು ಆಗ 19, 21ರ ನಡುವೆ ಆಡುತ್ತಿರುತ್ತಾರೆ. 40ರ ರಿಂಗಿನವರು 15, 17ರ ನಡುವೆ. ಮೊದಲನೆಯ ಅಂತರ ಸುಮಾರು ಹತ್ತು ಶೇಕಡಾ, ಎರಡನೆಯದು ಹದಿಮೂರು. ಆ ಮೂರು ಶೇಕಡಾ ಗೊತ್ತಾಗಬೇಕಾದರೆ ಕಾಲು ಬಹಳ ನಾಜೂಕಿನದಾಗಿರಬೇಕು. ಚಿಕ್ಕಬಳ್ಳಾಪುರದ ಕಡೆಯ ಎದುರುಗಾಳಿಗೆ ವೇಗ 24ಕ್ಕೆ ಇಳಿದರೂ 19ರ ಹಲ್ಲಿನಲ್ಲಿ 88 ಸುತ್ತು, ಆರಾಮ.

ತೊಂದರೆ ಕಾಣುವುದು ವೇಗ 35 ದಾಟಿದ ಮೇಲೆ. 40-13ರಲ್ಲಿ 90 ಸುತ್ತಿಗೆ ಸುಮಾರು 36 ಕಿಲೋಮೀಟರ್, 40-11ರಲ್ಲಿ 42. ನಡುವೆ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ಗಂಟೆಗೆ 38ರಲ್ಲಿ ಹೋಗುವ ಗುಂಪಿಗೆ ಅಂಟಿಕೊಂಡಿದ್ದೀರಿ ಎಂದರೆ ಒಂದೋ 13ರಲ್ಲಿ 96 ಸುತ್ತು ಸುತ್ತಬೇಕು, ಇಲ್ಲವೇ 11ರಲ್ಲಿ 81ಕ್ಕೆ ಇಳಿದು ಒತ್ತಬೇಕು. ಪಕ್ಕದವರು 50-15ರಲ್ಲಿ 88 ಸುತ್ತು ತುಳಿಯುತ್ತಾ ಮಾತಾಡಿಕೊಂಡು ಹೋಗುತ್ತಿರುತ್ತಾರೆ. 2018ರಲ್ಲಿ ಐರ್ಲೆಂಡಿನ ಆಕ್ವಾ ಬ್ಲೂ ಸ್ಪೋರ್ಟ್ ತಂಡ ಒಂದೇ ರಿಂಗಿನ 3ಟಿ ಸ್ಟ್ರಾಡಾ ಸೈಕಲ್ಲುಗಳಲ್ಲಿ ಪ್ರೊಫೆಷನಲ್ ರೇಸುಗಳಿಗೆ ಇಳಿದಾಗ ಸವಾರರೇ ಬಹಿರಂಗವಾಗಿ ಗೊಣಗಿದ್ದುಂಟು. ಅವರ ಲೋಕವೇ ಗಂಟೆಗೆ 40ರ ಮೇಲಿನದು. ಆ ಗೊಣಗಾಟವನ್ನು ಆಫೀಸಿಗೆ ಹೋಗುವವರ ಸೈಕಲ್ಲಿಗೆ ತಂದು ಹಚ್ಚುವುದು ಸರಿಯಲ್ಲ. ಹಾಗೆಯೇ, ವಾರಕ್ಕೊಮ್ಮೆಯಾದರೂ ಜೋರು ಗುಂಪಿನಲ್ಲಿ ಓಡುವವರಿಗೆ ಒಂದೇ ರಿಂಗ್ ಹಾಕಿಸಿಕೊಳ್ಳಿ ಎಂದು ನಾನು ಹೇಳುವುದೂ ಇಲ್ಲ.

5. ಎಡಗೈಗೆ ರಜೆ

ನನ್ನ ಒಂದೇ ರಿಂಗಿನ ಸೈಕಲ್ ಓಡಿಸಿ ನೋಡುತ್ತೇನೆಂದು ಒಯ್ದ ಗೆಳೆಯ ಹೆಬ್ಬಾಳದ ಫ್ಲೈಓವರ್ ಹತ್ತಿ ಬಂದು, "ಗುರೂ, ಲೆಫ್ಟ್ ಶಿಫ್ಟರ್ ಸತ್ತೋಗಿದೆ ಕಣೋ" ಅಂದ. ಮುಂದೆ ಒಂದೇ ರಿಂಗ್ ಆದ್ದರಿಂದ ಎಡಗೈಗೆ ಬರೀ ಬ್ರೇಕ್ ಇರುವುದು ಅವನಿಗೆ ಗೊತ್ತಿರಲಿಲ್ಲ. ಸಿಗ್ನಲ್ಲು, ಹಂಪು, ಅಡ್ಡ ಬರುವ ಆಟೋ ಇವುಗಳ ನಡುವೆ ಮುಂದೊಂದು ಹಿಂದೊಂದು ಗೇರ್ ಹೊಂದಿಸುವ ಗೋಜು ಇಲ್ಲದಿರುವುದು ಊರೊಳಗೆ ದೊಡ್ಡ ಸುಖ. ತೂಕ ಕಡಿಮೆಯಾಗುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ; ಮುಂದೆ ತೆಗೆದದ್ದನ್ನು ಹಿಂದಿನ ದೊಡ್ಡ ಕ್ಯಾಸೆಟ್ ಬಹುಪಾಲು ತುಂಬಿಕೊಳ್ಳುತ್ತದೆ.

6. ಹಲ್ಲಿನ ಆಕಾರ ನೋಡಿ

ಎರಡು ರಿಂಗಿನ ಕ್ರ್ಯಾಂಕಿನಿಂದ ಒಂದನ್ನು ಕಳಚಿಟ್ಟರೆ ಒಂದೇ ರಿಂಗಿನ ಸೈಕಲ್ ಆಗುವುದಿಲ್ಲ. ಆ ಹಲ್ಲುಗಳನ್ನು ಚೈನು ಸುಲಭವಾಗಿ ಜಾರಿ ಪಕ್ಕಕ್ಕೆ ಹೋಗಲಿ ಎಂದೇ ಮಾಡಿರುತ್ತಾರೆ. ಬೇಕಾಗಿರುವುದು ನ್ಯಾರೋ-ವೈಡ್ ರಿಂಗು, ಅಂದರೆ ಒಂದು ಹಲ್ಲು ದಪ್ಪ, ಮುಂದಿನದು ಸಣ್ಣ. 2012ರಲ್ಲಿ ಮೌಂಟನ್ ಬೈಕಿಗೆಂದು ಬಂದ ಸ್ರಾಮ್ ಎಕ್ಸ್‌ಎಕ್ಸ್1 ಇದನ್ನು ಮನೆಮಾತು ಮಾಡಿತು. ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದಮೇಲೊಂದು ಬರುತ್ತವೆ. ಅಗಲವಾದ ಹೊರಕೊಂಡಿಯಲ್ಲಿ ದಪ್ಪ ಹಲ್ಲು ತುಂಬಿ ಕೂರುತ್ತದೆ. ಇಂಥ ರಿಂಗುಗಳು ಯಾವಾಗಲೂ 38, 40, 42 ಎಂದು ಸಮಸಂಖ್ಯೆಯಲ್ಲೇ ಇರಲು ಇದೇ ಕಾರಣ. ಚೈನು ಹಾಕುವಾಗ ಒಂದು ಕೊಂಡಿ ಆಚೀಚೆಯಾದರೆ ದಪ್ಪ ಹಲ್ಲು ಒಳಕೊಂಡಿಯ ಕೆಳಗೆ ಸಿಕ್ಕಿ ಚೈನು ಎದ್ದು ನಿಲ್ಲುತ್ತದೆ. ಪೆಡಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಕಣ್ಣಿಗೇ ಕಾಣುತ್ತದೆ.

ಇದರ ಜೊತೆಗೆ ಹಿಂದೆ ಕ್ಲಚ್ ಇರುವ ಡಿರೇಲರ್ (ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಭಾಗ) ಇರಬೇಕು. ಕಿತ್ತುಹೋದ ರಸ್ತೆಯಲ್ಲಿ ಚೈನು ಕುಣಿಯದಂತೆ ಬಿಗಿ ಹಿಡಿಯುವುದು ಅದೇ. ಶಿಮಾನೊದ್ದಾದರೆ ಒಂದು ಸಣ್ಣ ಕಡ್ಡಿ ಇರುತ್ತದೆ. ಪಂಕ್ಚರ್ ಹಾಕಲು ಚಕ್ರ ಬಿಚ್ಚುವಾಗ ಆಫ್ ಮಾಡಿ, ಆಮೇಲೆ ಆನ್ ಮಾಡುವುದನ್ನು ಮರೆಯಬೇಡಿ.

7. ದುಡ್ಡು ಕೊಡುವ ಮುನ್ನ ಹೊಂದಾಣಿಕೆ ನೋಡಿ

ಶಿಮಾನೊ 11 ಸ್ಪೀಡಿನಲ್ಲಿ ರೋಡ್ ಶಿಫ್ಟರಿಗೂ ಮೌಂಟನ್ ಬೈಕ್ ಡಿರೇಲರಿಗೂ ಕೇಬಲ್ ಎಳೆತ ಹೊಂದುವುದಿಲ್ಲ. ರೋಡ್ ಶಿಫ್ಟರ್ ಉಳಿಸಿಕೊಂಡು 42ರ ಹಲ್ಲು ಬೇಕಿದ್ದರೆ 2019ರಲ್ಲಿ ಬಂದ ಜಿಆರ್‌ಎಕ್ಸ್ ಸರಣಿಯ ಆರ್‌ಎಕ್ಸ್812 ಡಿರೇಲರ್ ನೇರ ದಾರಿ. ಆ 11-42 ಕ್ಯಾಸೆಟ್ ಮೂಲತಃ ಮೌಂಟನ್ ಬೈಕಿನ ಅಳತೆಯದು. 11 ಸ್ಪೀಡ್ ರೋಡ್ ಹಬ್ಬಿಗೆ ಹಾಕುವಾಗ ಹಿಂದೆ 1.85 ಮಿಲಿಮೀಟರಿನ ಸ್ಪೇಸರ್ ಕೂರಿಸಬೇಕು. ಅದಿಲ್ಲದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಕೈಗೆ ಅಲ್ಲಾಡುತ್ತದೆ.

8. ಚೈನಿನ ಮೇಲೆ ಕಣ್ಣಿರಲಿ

ಎಲ್ಲ ಕೆಲಸವೂ ಒಂದೇ ರಿಂಗಿನ ಮೇಲೆ ಬೀಳುವುದರಿಂದ ಸವೆತವೂ ಅದಕ್ಕೇ. ಮಲೆನಾಡಿನ ಕೆಂಪು ಕೆಸರಿನಲ್ಲಿ ಓಡಿ ಬಂದ ದಿನ ಚೈನು ತೊಳೆದು ಒರೆಸದೆ ಮಲಗಬೇಡಿ. ಗೇಜಿನಲ್ಲಿ 0.5 ತೋರಿಸಿದರೆ ಚೈನು ಬದಲಿಸಿ. ತಡಮಾಡಿದರೆ ದಪ್ಪ ಹಲ್ಲುಗಳೂ ಸವೆದು ಹಿಡಿತ ಹೋಗುತ್ತದೆ, ಕ್ಲಚ್ ಇದ್ದರೂ ಚೈನು ಬೀಳತೊಡಗುತ್ತದೆ. ಮುಂದೆ ಎಂದಾದರೂ 40 ತೆಗೆದು 44 ಹಾಕುವ ಮನಸ್ಸಾದರೆ, ಹಳೆಯ ಚೈನು ಎರಡು ಕೊಂಡಿಯಷ್ಟು ಗಿಡ್ಡವಾಗುತ್ತದೆ. ದೊಡ್ಡ ಹಲ್ಲಿಗೆ ಶಿಫ್ಟ್ ಮಾಡಿ ಡಿರೇಲರ್ ಮುರಿದುಕೊಳ್ಳುವ ಮೊದಲು ಹೊಸ ಚೈನು ಅಳೆದು ಹಾಕಿ.