ಸರ್ವರ್ ರೂಮಿಗೆ ಸ್ವೆಟರ್ ಬೇಡ

ನಿಮ್ಮ ಸರ್ವರ್ ರೂಮಿಗೆ ಬಂದವರು ಸ್ವೆಟರ್ ಕೇಳುತ್ತಾರೆ ಎಂದರೆ ಅದು ಹೆಮ್ಮೆಪಡುವ ಸಂಗತಿಯಲ್ಲ. ಎಸಿಯನ್ನು 16ಕ್ಕೆ ಇಟ್ಟು, 'ಯಂತ್ರ ತಣ್ಣಗಿದ್ದಷ್ಟೂ ಒಳ್ಳೆಯದಲ್ಲವೇ' ಎನ್ನುತ್ತೀರಿ. ಅತಿಯಾದರೆ ಅಮೃತವೂ ವಿಷ. ಸರ್ವರ್ ಒಳಕ್ಕೆಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು ಎಂದು ಹವಾನಿಯಂತ್ರಣ ಎಂಜಿನಿಯರುಗಳ ಆಶ್‌ರೇ ಸಂಸ್ಥೆಯ ಸಲಹೆಯೇ ಇದೆ. ಅಳೆಯಬೇಕಾದ್ದು ಆ ಗಾಳಿಯನ್ನು. ಬಾಗಿಲ ಪಕ್ಕದ ಗೋಡೆಗೆ ಥರ್ಮಾಮೀಟರ್ ನೇತುಹಾಕಿ ಅದನ್ನೇ ನೋಡುತ್ತ ಕೂತರೆ ಏನೂ ತಿಳಿಯದು. ರ‍್ಯಾಕಿನ ಮುಂಭಾಗದಲ್ಲಿ ಕೆಳಗೆ, ನಡುವೆ, ಮೇಲೆ ಸೆನ್ಸರ್ ಅಂಟಿಸಿ. ಮೇಲಿನದೊಂದೇ ಬಿಸಿ ತೋರಿಸಿದರೆ ತಕ್ಷಣ ಎಸಿ ರಿಮೋಟಿಗೆ ಕೈ ಹಾಕಬೇಡಿ. ಹಿಂದಿನ ಬಿಸಿಗಾಳಿ ರ‍್ಯಾಕಿನ ನೆತ್ತಿ ದಾಟಿ ಮುಂದಕ್ಕೆ ಬರುತ್ತಿದೆಯೇ ನೋಡಿ. ಬಹಳ ಸಲ ತೊಂದರೆ ಅಲ್ಲೇ ಇರುತ್ತದೆ.

ನಿಮ್ಮ ಕರೆಂಟ್ ಬಿಲ್ಲು ಏರುವುದು ಬಹುಮಟ್ಟಿಗೆ ಬಿಸಿ, ತಂಪು ಗಾಳಿಯ ಈ ಬೆರಕೆಯಿಂದ. ರ‍್ಯಾಕುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ. ಮುಖಗಳ ನಡುವಿನದು ತಂಪು ಓಣಿ, ಬೆನ್ನುಗಳ ನಡುವಿನದು ಬಿಸಿ ಓಣಿ. ಎರಡೂ ಕಲೆಯದಂತೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟರೂ ಆದೀತು, ಲಕ್ಷಗಟ್ಟಲೆ ಸುರಿಯಬೇಕಿಲ್ಲ. ರ‍್ಯಾಕಿನಲ್ಲಿ ಖಾಲಿ ಬಿಟ್ಟ ಜಾಗಕ್ಕೆಲ್ಲ ಬ್ಲಾಂಕಿಂಗ್ ಪ್ಯಾನೆಲ್ ಹಾಕಿ. ನೆಲದಡಿಯಿಂದ ತಂಪು ಬರುವುದಾದರೆ ಕೇಬಲ್ ಇಳಿಸಲು ಕೊರೆದ ತೂತುಗಳನ್ನು ಬ್ರಷ್ ಪಟ್ಟಿಯಿಂದ ಮುಚ್ಚಿ. ಇನ್ನೊಂದು ಚಾಳಿಯಿದೆ. ಹಿಂದುಗಡೆ ಕೆಲಸ ಮಾಡುವ ಹುಡುಗರು ಸೆಕೆ ತಾಳಲಾರದೆ ತಂಪು ಬರುವ ತೂತಿನ ನೆಲದ ಟೈಲೊಂದನ್ನು ಎತ್ತಿ ತಂದು ಬಿಸಿ ಓಣಿಯಲ್ಲಿ ಹಾಕಿಕೊಳ್ಳುತ್ತಾರೆ. ಪಾಪ, ಅವರ ಕಷ್ಟ ಅವರಿಗೆ. ಆದರೆ ಬಿಸಿ ಓಣಿ ಬಿಸಿಯಾಗಿಯೇ ಇರಬೇಕು, ಆ ಟೈಲನ್ನು ಇವತ್ತೇ ಎತ್ತಿಸಿ.

ತೂತು ಮುಚ್ಚಿದ ಮೇಲೆ ಎಸಿ ಫ್ಯಾನಿನ ವೇಗ ತಗ್ಗಿಸಿ. ಫ್ಯಾನಿನ ವೇಗ ನೂರಕ್ಕೆ 20ರಷ್ಟು ಇಳಿದರೆ ಅದು ತಿನ್ನುವ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಅದಾದ ನಂತರ ಉಷ್ಣಾಂಶವನ್ನು ಒಂದೊಂದೇ ಡಿಗ್ರಿ ಏರಿಸಿ, ಕೆಲವು ದಿನ ನೋಡಿ, ಮತ್ತೆ ಏರಿಸಿ. ಈ ಕ್ರಮ ತಪ್ಪಿಸಬೇಡಿ. ಅತಿಯಾಸೆಯೂ ಬೇಡ: ಮಿತಿ ಮೀರಿದರೆ ಸರ್ವರಿನೊಳಗಿನ ಫ್ಯಾನುಗಳೇ ಜೋರಾಗಿ ತಿರುಗಿ ಉಳಿಸಿದ್ದನ್ನು ತಿಂದುಹಾಕುತ್ತವೆ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಗಳು ಸೆಕೆಗೆ ಬೇಗ ಹಾಳಾಗುತ್ತವೆ. ಅವಕ್ಕೆ ಬೇರೆಯೇ ಕೋಣೆ ಮಾಡಿ, 25ರ ಆಸುಪಾಸಿನಲ್ಲಿಡಿ.

ಎರಡು ಎಸಿಗಳಿದ್ದರೆ ಅವುಗಳ ತೇವಾಂಶದ ಸೆಟ್ಟಿಂಗ್ ಒಮ್ಮೆ ನೋಡಿ. ಎಷ್ಟೋ ಸಲ ಒಂದು ಎಸಿ ಗಾಳಿಗೆ ತೇವ ಸೇರಿಸುತ್ತಿರುತ್ತದೆ, ಪಕ್ಕದ್ದು ಅದೇ ತೇವವನ್ನು ಹಿಂಡಿ ತೆಗೆಯುತ್ತಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ!

ಯಾರೂ ಬಳಸದ ಹಳೆಯ ಸರ್ವರುಗಳನ್ನು 'ಇರಲಿ ಬಿಡಿ' ಎಂದು ಓಡಿಸುತ್ತಿರುವುದು ಬೇರೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಆ ಸರ್ವರುಗಳಿಗೂ ಕರೆಂಟ್, ಅವುಗಳ ಬಿಸಿ ಕಳೆಯಲು ಎಸಿಗೂ ಕರೆಂಟ್. ಯಜಮಾನರಿಲ್ಲದ್ದನ್ನು ಹುಡುಕಿ, ಡೇಟಾ ತೆಗೆದಿಟ್ಟು, ಆರಿಸಿ.

ಬೆಂಗಳೂರಿನವರಿಗಂತೂ ರಾತ್ರಿಯ ತಣ್ಣನೆ ಗಾಳಿ ಪುಕ್ಕಟೆ. ಮುಂಬೈ, ಚೆನ್ನೈನ ಜಿಗುಟು ಹವೆಯವರಿಗೆ ಆ ಭಾಗ್ಯವಿಲ್ಲ. ಹೊಸ ಕಟ್ಟಡ ಕಟ್ಟುತ್ತಿದ್ದರೆ ಧೂಳು ಸೋಸಿ ಹೊರಗಿನ ಗಾಳಿ ಬಳಸುವ ಏರ್ಪಾಟನ್ನು ನಕ್ಷೆಯಲ್ಲೇ ಸೇರಿಸಿ. ಕೂಲಿಂಗ್ ಟವರ್ ಹಾಕುವವರು ನೀರಿನ ಲೆಕ್ಕವನ್ನೂ ಇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿನ ಟ್ಯಾಂಕರಿಗೆ ಕಾದದ್ದನ್ನು ಇಷ್ಟು ಬೇಗ ಮರೆತಿರಾ? ಸಂಸ್ಕರಿಸಿದ ನೀರಿನಲ್ಲೂ ಟವರ್ ನಡೆಯುತ್ತದೆ.

ಕೊನೆಗೆ, ಇಡೀ ಡೇಟಾ ಕೇಂದ್ರಕ್ಕೆ ಬಂದ ವಿದ್ಯುತ್ತನ್ನು ಕಂಪ್ಯೂಟರುಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿ. ಅದನ್ನೇ ಪಿಯುಇ ಎನ್ನುವುದು. ಉತ್ತರ 2 ಬಂತೆಂದರೆ ಸರ್ವರಿಗೆ ಒಂದು ಯೂನಿಟ್ ಕೊಡಲು ಮತ್ತೊಂದು ಯೂನಿಟ್ ಮೇಲುಖರ್ಚಿಗೆ ಹೋಯಿತು. 1ರ ಹತ್ತಿರ ಬಂದಷ್ಟೂ ಒಳ್ಳೆಯದು. ತಿಂಗಳಿಗೊಮ್ಮೆ ಬರೆದಿಡಿ. ಹೊಸ ಎಸಿಗೆ ಕೊಟೇಶನ್ ತರಿಸಿದ್ದರೆ ಸ್ವಲ್ಪ ತಡೆಯಿರಿ, ಮೊದಲು ಪ್ಯಾನೆಲ್ ಹಾಕಿ ನೋಡಿ.