ಬೆಟ್ಟ ಹತ್ತಬಹುದಾ, ಡಾಕ್ಟ್ರೇ?

ಅರಸೀಕೆರೆಯಿಂದ ಮಾಲೇಕಲ್ಲು ತಿರುಪತಿಗೆ ಹೋಗುವ ದಾರಿಯಲ್ಲಿ ನನ್ನ ಕ್ಲಿನಿಕ್ಕಿದೆ. ನಾನು ಕ್ಯಾನ್ಸರ್ ತಜ್ಞನಲ್ಲ. ಜ್ವರ, ಬಿಪಿ, ಸಕ್ಕರೆ ಕಾಯಿಲೆ ನೋಡುತ್ತಾ ಮೂವತ್ತು ವರ್ಷ ಕಳೆದಿದ್ದೇನೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡವರು, ‘ಕರೆಂಟ್ ಕೊಡಿಸಿಕೊಂಡವರು’, ಅಂದರೆ ವಿಕಿರಣ ಚಿಕಿತ್ಸೆ ಪಡೆದವರು, ಊರಿಗೆ ಬಂದು ಬದುಕು ಮುಂದುವರಿಸುವುದು ಇಲ್ಲಿ. ಆಮೇಲಿನ ಬಾಧೆಗಳನ್ನೆಲ್ಲ ಹೊತ್ತು ಅವರು ಮೊದಲು ಬರುವುದು ನನ್ನ ಬಳಿಗೆ. ಬಂದವರಲ್ಲಿ ಬಹಳ ಜನ ಕೇಳುವುದು ಒಂದೇ ಮಾತು: “ಈ ಸಲ ಆಷಾಢದ ಜಾತ್ರೆಗೆ ಬೆಟ್ಟ ಹತ್ತಬಹುದಾ, ಡಾಕ್ಟ್ರೇ?” ಸಾವಿರಕ್ಕೂ ಹೆಚ್ಚು ಮೆಟ್ಟಿಲಿನ ಬೆಟ್ಟ. ಯಾವ ಚಿಕಿತ್ಸೆ ಮೈಯಿಂದ ಏನನ್ನು ಕೇಳುತ್ತದೆ ಎಂಬುದನ್ನು ನಾನು ಕಲಿತದ್ದು ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ.

1. ‘ವಯಸ್ಸಾಯ್ತು’ ಅನ್ನುವುದು ರೋಗದ ಹೆಸರಲ್ಲ

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಸಣ್ಣ ಗ್ರಂಥಿ ಪ್ರಾಸ್ಟೇಟ್. ವಯಸ್ಸಾದಂತೆ ಅದು ಊದಿಕೊಂಡು ಮೂತ್ರಕ್ಕೆ ಅಡ್ಡಿ ಮಾಡುವುದು ಸಾಮಾನ್ಯ. ಆ ಊತವೆಲ್ಲ ಕ್ಯಾನ್ಸರಲ್ಲ. ಆದರೆ ಕ್ಯಾನ್ಸರ್ ಶುರುವಿನಲ್ಲಿ ಏನೂ ಸೂಚನೆ ಕೊಡದೆ ಇರಬಲ್ಲದು. ವರ್ಷಗಳ ಹಿಂದೆ ಒಬ್ಬ ತೋಟದ ಯಜಮಾನರಿಗೆ ನಾನು ತಿಂಗಳುಗಟ್ಟಲೆ ಸೊಂಟನೋವಿನ ಮಾತ್ರೆ ಕೊಟ್ಟೆ. ಕೊನೆಗೆ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿದಾಗ ಅಂಕಿ ನೂರುಗಳಲ್ಲಿತ್ತು, ರೋಗ ಆಗಲೇ ಮೂಳೆಗೆ ಇಳಿದಿತ್ತು. ಆ ತಪ್ಪು ನನ್ನದು. ಅಂದಿನಿಂದ ಐವತ್ತು ದಾಟಿದ ಗಂಡಸಿನ ಬಿಡದ ಬೆನ್ನುನೋವನ್ನು ನಾನು ಹಗುರವಾಗಿ ನೋಡಿಲ್ಲ. ಹಾಗೆಂದು ಪಿಎಸ್‌ಎ ಸಾಮಾನ್ಯ ಮಿತಿಯಾದ 4 ದಾಟಿದ ಕೂಡಲೇ ಎದೆಗುಂದಬೇಕಾಗಿಯೂ ಇಲ್ಲ. ಸೋಂಕಿದ್ದರೂ, ಗ್ರಂಥಿ ಬರೀ ಊದಿದ್ದರೂ, ಮೂತ್ರದ ಪೈಪು ಹಾಕಿಸಿಕೊಂಡಿದ್ದರೂ ಅದು ಏರುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಬಯಾಪ್ಸಿ.

2. ಕಾದು ನೋಡುವುದೂ ಚಿಕಿತ್ಸೆಯೇ

ಬಯಾಪ್ಸಿ ವರದಿಯಲ್ಲಿ ಮೊದಲು ನೋಡಬೇಕಾದದ್ದು ಗ್ಲೀಸನ್ ಅಂಕ. 6 ಎಂದರೆ ನಿಧಾನದ ರೋಗ, 8ರಿಂದ 10 ಎಂದರೆ ಆತುರದ್ದು. ಗ್ರಂಥಿಯೊಳಗೇ ಇರುವ ನಿಧಾನದ ಕ್ಯಾನ್ಸರಿಗೆ ಕತ್ತರಿಯನ್ನೂ ಹಾಕದೆ, ವಿಕಿರಣವನ್ನೂ ಕೊಡದೆ, ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ ಮಾಡುತ್ತಾ ನಿಗಾ ಇಡಬಹುದು. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ನಿಗಾ, ಆಪರೇಷನ್, ವಿಕಿರಣ ಎಂದು ಮೂರು ಗುಂಪು ಮಾಡಿ ಅಧ್ಯಯನ ನಡೆಸಿದರು. 15 ವರ್ಷದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಮೂರೂ ಗುಂಪಿನಲ್ಲಿ ನೂರಕ್ಕೆ ಸುಮಾರು 3 ಜನ. ಆದರೆ ರೋಗ ಬೇರೆಡೆ ಹರಡಿದ್ದು ನಿಗಾ ಗುಂಪಿನಲ್ಲಿ ನೂರಕ್ಕೆ 9, ಉಳಿದೆರಡರಲ್ಲಿ 5. ಆ ಅಧ್ಯಯನದಲ್ಲಿದ್ದವರೆಲ್ಲ ರಕ್ತಪರೀಕ್ಷೆಯಿಂದಲೇ ಬೇಗ ಪತ್ತೆಯಾದವರು. ತಡವಾಗಿ ಬರುವ ನಮ್ಮ ಜನರಿಗೆ ಈ ಲೆಕ್ಕವನ್ನು ಹಾಗೇ ಹಚ್ಚಲಾಗದು. ನಿಗಾ ಅಂದರೆ ಮರೆತುಬಿಡುವುದೂ ಅಲ್ಲ. ತಾರೀಕು ತಪ್ಪಿಸುವವರಿಗೆ ನಾನು ಈ ದಾರಿ ಹೇಳುವುದಿಲ್ಲ.

3. ಆಪರೇಷನ್ನಿನ ಬೆಲೆಯನ್ನು ಮೊದಲೇ ಹೇಳಬೇಕು

ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಒಂದೆರಡು ವಾರ ಪೈಪು ಇರುತ್ತದೆ. ಪೈಪು ತೆಗೆದ ದಿನ ಮೂತ್ರ ಸೋರುವುದನ್ನು ಕಂಡು ಗಟ್ಟಿ ಆಳುಗಳೂ ಅತ್ತದ್ದನ್ನು ನೋಡಿದ್ದೇನೆ. ಅದೇ ಬ್ರಿಟಿಷ್ ಅಧ್ಯಯನದಲ್ಲಿ ಆಪರೇಷನ್ ಆದ ಆರು ತಿಂಗಳಿಗೆ ಪ್ಯಾಡ್ ಹಾಕುತ್ತಿದ್ದವರು ನೂರಕ್ಕೆ 46, ಆರು ವರ್ಷಕ್ಕೆ 17. ಬಹುಪಾಲು ಜನರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಮೂತ್ರ ತಡೆಹಿಡಿಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಆಪರೇಷನ್ನಿಗೆ ಮೊದಲೇ ಕಲಿಯುವುದು ಒಳ್ಳೆಯದು. ಪಂಚೆಯೊಳಗೆ ಪ್ಯಾಡ್ ನಿಲ್ಲದು, ಬಿಗಿಯಾದ ಚಡ್ಡಿ ಬೇಕು. ಸೋರುತ್ತದೆಂದು ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ. ಕಾಯಿ ಮೂಟೆ ಎತ್ತುವುದು ಆರು ವಾರ ಬೇಡ.

ನಿಮಿರುವಿಕೆಯ ನರಗಳು ಗ್ರಂಥಿಗೆ ಅಂಟಿಕೊಂಡೇ ಹೋಗುತ್ತವೆ. ಅವನ್ನು ಉಳಿಸಿದರೂ ಶಕ್ತಿ ಮರಳಲು ಒಂದೆರಡು ವರ್ಷ ಹಿಡಿಯಬಹುದು, ಮರಳದೆಯೂ ಇರಬಹುದು. ಅದಕ್ಕೆ ಮಾತ್ರೆಗಳಿವೆ. ಆದರೆ ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಬಳಸುವವರು ಅವನ್ನು ಮುಟ್ಟಲೇಬಾರದು. ಬಿಪಿ ಕುಸಿದು ಪ್ರಾಣಕ್ಕೆ ಬರುತ್ತದೆ.

4. ಕರೆಂಟ್ ಕೊಟ್ಟ ಜಾಗವನ್ನು ಮರೆಯಬಾರದು

ವಿಕಿರಣ ಕೊಡುವಾಗ ನೋವಿಲ್ಲ, ಗಾಯವಿಲ್ಲ. ಮೂತ್ರದಲ್ಲಿ ಉರಿ, ಮೇಲಿಂದ ಮೇಲೆ ಹೋಗಬೇಕೆನಿಸುವುದು, ಭೇದಿ, ಸುಸ್ತು ಆ ದಿನಗಳಲ್ಲಿ ಬಂದು, ಮುಗಿದ ಕೆಲವು ವಾರಕ್ಕೆ ಇಳಿಯುತ್ತವೆ. ಮೊದಲು ಏಳೆಂಟು ವಾರ ಹಿಡಿಯುತ್ತಿದ್ದ ಚಿಕಿತ್ಸೆಯನ್ನು 20 ಸಲದಲ್ಲಿ, ಅಂದರೆ ನಾಲ್ಕು ವಾರದಲ್ಲಿ ಮುಗಿಸಿದರೂ ಫಲ ಕುಂದುವುದಿಲ್ಲವೆಂದು 2016ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. ಇಲ್ಲಿಂದ ರೈಲಿನಲ್ಲಿ ಹೋಗಿ ಬೆಂಗಳೂರಿನಲ್ಲಿ ಕೋಣೆ ಹಿಡಿದು ಉಳಿಯಬೇಕಾದ ರೈತನಿಗೆ ಇದು ಸಣ್ಣ ವಿಷಯವಲ್ಲ. ಎಷ್ಟು ದಿನದ ಚಿಕಿತ್ಸೆ ಎಂದು ಧೈರ್ಯವಾಗಿ ಕೇಳಿ.

ನಾನು ಎಚ್ಚರಿಸುವುದು ಆಮೇಲಿನದರ ಬಗ್ಗೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಲದಲ್ಲಿ ರಕ್ತ ಕಾಣಬಹುದು. ಜನ ಮೂಲವ್ಯಾಧಿ ಎಂದುಕೊಂಡು ಸುಡಿಸಿಕೊಳ್ಳಲು, ಕೊಯ್ಯಿಸಿಕೊಳ್ಳಲು ಹೊರಡುತ್ತಾರೆ. ವಿಕಿರಣ ತಾಗಿದ ಕರುಳಿನ ಗಾಯ ಸುಲಭವಾಗಿ ಮಾಯುವುದಿಲ್ಲ. ಯಾವ ವೈದ್ಯರ ಬಳಿ ಹೋದರೂ “ನನಗೆ ಪ್ರಾಸ್ಟೇಟಿಗೆ ವಿಕಿರಣ ಆಗಿದೆ” ಎಂಬುದು ಮೊದಲ ಮಾತಾಗಿರಲಿ.

5. ‘ನನ್ನನ್ನು ಎತ್ತು ಮಾಡ್ತೀರಾ?’

ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನಿನ ಆಸರೆಯಲ್ಲಿ ಬೆಳೆಯುತ್ತದೆ. ಅದನ್ನು ನಿಲ್ಲಿಸಿದರೆ ರೋಗ ಕುಗ್ಗುತ್ತದೆ. 1941ರಲ್ಲಿ ಇದನ್ನು ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಹರಡಿದ ರೋಗಕ್ಕೆ ಇಂದಿಗೂ ಇದೇ ಬುನಾದಿ. ಮುಖ್ಯ ದಾರಿ ಎರಡು: ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಇಲ್ಲವೆ ಒಂದೇ ಸಲಕ್ಕೆ ವೃಷಣ ತೆಗೆಯುವ ಚಿಕ್ಕ ಆಪರೇಷನ್. ಎರಡನೆಯದನ್ನು ಹೇಳಿದಾಗ ಒಬ್ಬ ಹಿರಿಯರು ಹೀಗೆ ಕೇಳಿದರು: “ಹೋರಿಗೆ ಬೀಜ ಒಡೆದ ಹಾಗೆ, ನನ್ನನ್ನು ಎತ್ತು ಮಾಡ್ತೀರಾ?” ಆ ಪ್ರಶ್ನೆಯ ನೋವಿಗೆ ಬುದ್ಧಿವಾದ ಉತ್ತರವಲ್ಲ. ನಾನು ಅವರ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಆಸೆ ತಗ್ಗುವುದು, ಮೈಯೆಲ್ಲ ಬಿಸಿಯೇರಿ ಬೆವರುವುದು, ಸುಸ್ತು, ಎರಡು ದಾರಿಯಲ್ಲೂ ಇವೆ. ಇಂಜೆಕ್ಷನ್ ನಿಲ್ಲಿಸಬಹುದು, ಆದರೆ ಖರ್ಚು ನಿಲ್ಲುವುದಿಲ್ಲ. ಕೊಬ್ಬರಿ ಸುಲಿಯುವ ಕಾಲವೆಂದು ತಾರೀಕು ತಪ್ಪಿದರೆ ಹಾರ್ಮೋನ್ ಮತ್ತೆ ಏರುತ್ತದೆ. ಆಪರೇಷನ್ ಅಗ್ಗ, ಖಚಿತ, ಆದರೆ ಹಿಂತಿರುಗುವ ದಾರಿಯಿಲ್ಲ. ತೀರ್ಮಾನಕ್ಕೆ ಅವರು ಒಂದು ವಾರ ತೆಗೆದುಕೊಂಡರು. ಆ ವಾರವನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇರಲಿಲ್ಲ.

6. ಸದ್ದಿಲ್ಲದೆ ಸವೆಯುವುದು ಮೂಳೆ

ಬೆವರು, ಬಿಸಿ ಗೊತ್ತಾಗುತ್ತವೆ. ಹಾರ್ಮೋನ್ ಇಳಿದಾಗ ಮೂಳೆ ಟೊಳ್ಳಾಗುವುದು, ಸ್ನಾಯು ಕರಗಿ ಹೊಟ್ಟೆ ಬರುವುದು, ಸಕ್ಕರೆ ಏರುವುದು, ಹೃದಯಕ್ಕೆ ಭಾರವಾಗುವುದು, ಮನಸ್ಸು ಕುಗ್ಗುವುದು ಗೊತ್ತಾಗುವುದಿಲ್ಲ. ಇಲ್ಲಿ ನನ್ನಂಥ ಊರ ವೈದ್ಯನ ಕೆಲಸವೇ ಮುಖ್ಯ: ಬಿಪಿ, ಸಕ್ಕರೆ, ತೂಕ ನೋಡುವುದು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಗಮನಿಸುವುದು, ಬೀಡಿ ಬಿಡಿಸುವುದು, ನಡೆಸುವುದು. ಮೂಳೆಗೆ ಇಂಜೆಕ್ಷನ್ ಬರೆದಿದ್ದರೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಆಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.

7. ಮಾತ್ರೆ ನುಂಗುವ ಹೊತ್ತೂ ಔಷಧವೇ

2017ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಹರಡಿದ ರೋಗದ ಶುರುವಿನಲ್ಲೇ ಹಾರ್ಮೋನ್ ಚಿಕಿತ್ಸೆಗೆ ಅಬಿರಾಟೆರಾನ್ ಮಾತ್ರೆ ಸೇರಿಸಿದರೆ ಆಯುಸ್ಸು ಹೆಚ್ಚುವುದೆಂದು ತೋರಿಸಿದವು. ಅದನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ನಮ್ಮಲ್ಲಿ ಎಲ್ಲ ಮಾತ್ರೆಯೂ ಊಟದ ಮೇಲೆ ಎಂಬ ರೂಢಿ. ಊಟದ ಜೊತೆ ನುಂಗಿದರೆ ಮೈಗೆ ಸೇರುವ ಪ್ರಮಾಣ ಹಲವು ಪಟ್ಟು ಏರುತ್ತದೆ. ಜೊತೆಗೆ ಕೊಡುವ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಎಂದು ಹೆದರಿ ತಾವಾಗಿ ನಿಲ್ಲಿಸಬಾರದು. ಬಿಪಿ ಏರುವುದು, ಪೊಟ್ಯಾಷಿಯಂ ಇಳಿಯುವುದು, ಲಿವರ್ ಕೆಡುವುದು ಇದರ ಅಡ್ಡಪರಿಣಾಮಗಳು. ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ಡೊಸಿಟಾಕ್ಸೆಲ್ ಕಿಮೋ ಮೂರು ವಾರಕ್ಕೊಮ್ಮೆ. ಅದು ನಡೆಯುತ್ತಿರುವಾಗ 100.4 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವ ಜ್ವರವಲ್ಲ ಅದು. ಬಿಳಿ ರಕ್ತಕಣ ಇಳಿದಾಗ ಬರುವ ಸೋಂಕು ಕೆಲವೇ ಗಂಟೆಗಳಲ್ಲಿ ಮೈಗೆ ಹರಡಬಲ್ಲದು.

8. ಕಾಲು ಸೋತರೆ ಬೆಳಗಿನವರೆಗೆ ಕಾಯಬೇಡಿ

ರೋಗ ಬೆನ್ನುಮೂಳೆಗೆ ಇಳಿದವರಿಗೆ ಹೊಸದಾಗಿ ಬೆನ್ನುನೋವು, ಕಾಲು ಜೋಮು, ನಡೆಯುವಾಗ ತೂರಾಟ, ಮೂತ್ರ ಕಟ್ಟುವುದು ಕಂಡರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಅಂದು ರಾತ್ರಿಯೇ ಆಸ್ಪತ್ರೆ ಸೇರಬೇಕು. ನಡೆಯುತ್ತಾ ಹೋದವರು ನಡೆಯುತ್ತಾ ವಾಪಸಾಗುವ ಸಾಧ್ಯತೆ ಹೆಚ್ಚು. ಪೂರ್ತಿ ಸ್ವಾಧೀನ ತಪ್ಪಿದ ಮೇಲೆ ಹೋದವರಿಗೆ ಆ ಭರವಸೆ ಬಹಳ ಕಡಿಮೆ. ಹಾರ್ಮೋನ್ ಇಂಜೆಕ್ಷನ್ನುಗಳಲ್ಲಿ ಹಲವು ಮೊದಲ ವಾರಗಳಲ್ಲಿ ಹಾರ್ಮೋನನ್ನು ಒಮ್ಮೆ ಏರಿಸಿ ಆಮೇಲೆ ಇಳಿಸುತ್ತವೆ. ಆ ಏರಿಕೆ ಬೆನ್ನುಹುರಿಯ ಒತ್ತಡವನ್ನು ಹೆಚ್ಚಿಸದಿರಲೆಂದೇ ಜೊತೆಯಲ್ಲಿ ಮಾತ್ರೆ ಕೊಡುವುದು. ಅದನ್ನು ಬಿಡಬೇಡಿ.

9. ಕೋಣೆಯಲ್ಲಿ ಹೆಂಡತಿಯೂ ಇರಲಿ

ಎಷ್ಟೋ ಸಲ ಮಗ ಮಾತಾಡುತ್ತಾನೆ, ಅಪ್ಪ ತಲೆಯಾಡಿಸುತ್ತಾನೆ, ಅಮ್ಮ ಹೊರಗೆ ಬೆಂಚಿನ ಮೇಲಿರುತ್ತಾಳೆ. ಮಗನ ಎದುರು ಅಪ್ಪ ಮೂತ್ರ ಸೋರುವುದನ್ನೂ ಹೇಳುವುದಿಲ್ಲ, ಮಂಚದ ಮಾತನ್ನೂ ಆಡುವುದಿಲ್ಲ. ಈಗ ಮಗನನ್ನು ಹತ್ತು ನಿಮಿಷ ಹೊರಗೆ ಕೂರಿಸಿ ಗಂಡಹೆಂಡಿರ ಜೊತೆ ಮಾತಾಡುತ್ತೇನೆ. “ಇವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಅಂದ್ಕೊಂಡಿದ್ದೆ” ಎಂದು ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಗಂಡ ದೂರವಾದದ್ದು ಇಂಜೆಕ್ಷನ್ನಿನಿಂದ ಎಂದು ಎರಡು ವರ್ಷ ಅವರಿಗೆ ಯಾರೂ ಹೇಳಿರಲಿಲ್ಲ.

ಹಣದ ಮಾತನ್ನೂ ಅವರಿಬ್ಬರೆದುರೇ ಆಡುತ್ತೇನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವ ಮೊದಲು ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಬಯಾಪ್ಸಿ ವರದಿ ಒಂದೇ ಚೀಲದಲ್ಲಿರಲಿ. ತೋಟ ಅಡವಿಡುವ ಮಾತು ಅದಾದ ಮೇಲೆ.

10. ಬೆಟ್ಟದ ಪ್ರಶ್ನೆಗೆ ಉತ್ತರ

ನಿಗಾದಲ್ಲಿರುವವರಿಗೆ ಹೇಳುತ್ತೇನೆ: ಹತ್ತಿ. ಆಪರೇಷನ್ ಆದವರಿಗೆ: ಎರಡು ಮೂರು ತಿಂಗಳು ಕಳೆಯಲಿ, ಜೋಬಿನಲ್ಲಿ ಇನ್ನೊಂದು ಪ್ಯಾಡ್ ಇರಲಿ. ವಿಕಿರಣ ಆದವರಿಗೆ: ಸುಸ್ತು ಇಳಿದ ಮೇಲೆ. ಹಾರ್ಮೋನ್ ಚಿಕಿತ್ಸೆಯವರಿಗೆ: ಇಂದಿನಿಂದಲೇ ದಿನಕ್ಕಿಷ್ಟು ಮೆಟ್ಟಿಲು ಹತ್ತಿ, ನಿಮ್ಮ ಸ್ನಾಯುವಿಗೂ ಮೂಳೆಗೂ ಅದೇ ಮದ್ದು. ಬೆನ್ನುಮೂಳೆಗೆ ಇಳಿದವರಿಗೆ ಮಾತ್ರ: ಬೇಡ.

ಎತ್ತಿನ ಮಾತಾಡಿದ ಆ ಹಿರಿಯರು ಕೊನೆಗೆ ಆಪರೇಷನ್ನನ್ನೇ ಆರಿಸಿಕೊಂಡರು. ಮರುವರ್ಷ ಆಷಾಢದಲ್ಲಿ ಅರ್ಧ ಬೆಟ್ಟ ಹತ್ತಿ, ಕಲ್ಲಿನ ಮೇಲೆ ಕೂತು, ಅಲ್ಲಿಂದಲೇ ಕೈಮುಗಿದು ಇಳಿದರಂತೆ. ಮಾರನೆಯ ದಿನ ಕ್ಲಿನಿಕ್ಕಿಗೆ ಪ್ರಸಾದ ತಂದುಕೊಟ್ಟು ಹೇಳಿದರು: “ಅರ್ಧಕ್ಕೇ ಆಗೋದು ಅಂತ ನೀವು ಮೊದಲೇ ಹೇಳಿದ್ರಿ. ಅದಕ್ಕೇ ಬೇಜಾರಾಗಲಿಲ್ಲ.”