ಕುಡಿತವನ್ನು ಬಿಟ್ಟವನಿಗೆ ಸಭೆಯು ಮಾಡತಕ್ಕ ಸಹಾಯ

ಓದತಕ್ಕ ಭಾಗ: ಲೂಕನು 15ನೆಯ ಅಧ್ಯಾಯ, 11ರಿಂದ 32ನೆಯ ವಚನಗಳು.

ಪ್ರಿಯರೇ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಕುಡಿತವು ಮಾಡುವ ಕೇಡನ್ನು ನಾವು ವಿವರಿಸಬೇಕಾದದ್ದಿಲ್ಲ. ಕಬ್ಬು ಕಡಿದ ಕೂಲಿಯು ಮನೆಗೆ ಬರುವದಕ್ಕೆ ಮುಂಚೆಯೇ ಅಂಗಡಿಯವನ ಪೆಟ್ಟಿಗೆಯನ್ನು ಸೇರುವದನ್ನು ನಮ್ಮ ಸಹೋದರಿಯರು ಬಲ್ಲರು. ಸರಕಾರದವರು 2007ನೆಯ ಇಸವಿ ಜುಲೈ 1ರಿಂದ ರಾಜ್ಯದಲ್ಲೆಲ್ಲಾ ಸಾರಾಯಿಯನ್ನು ನಿಲ್ಲಿಸಿದರು. ಆದರೆ ಕುಡಿಯುತ್ತಿದ್ದವನ ದಾಹವು ಆ ಆಜ್ಞೆಯಿಂದ ತೀರದೆ, ಅನೇಕರು ಕಾಗದದ ಪೊಟ್ಟಣದ ವಿಸ್ಕಿಯ ಕಡೆಗೆ ತಿರುಗಿದರು. ಆದಕಾರಣ ಕುಡಿತವನ್ನು ಬಿಡಬೇಕೆಂದು ಮನಸ್ಸು ಮಾಡಿದವನನ್ನು ನಿಲ್ಲಿಸಿಕೊಳ್ಳುವದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

1. ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು.

ಬಹುಕಾಲ ದಿನಂಪ್ರತಿ ವಿಪರೀತವಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈನಡುಕವೂ ಬೆವರೂ ನಿದ್ದೆಗೇಡೂ ಉಂಟಾಗುವವು. ಕೆಲವರಿಗೆ ಮೊದಲಿನ ಎರಡು ದಿನಗಳಲ್ಲಿ ಸೆಳವು ಬರುವದು. ಇನ್ನು ಕೆಲವರಿಗೆ ಎರಡರಿಂದ ನಾಲ್ಕು ದಿನಗಳೊಳಗೆ ಬುದ್ಧಿಭ್ರಮೆಯುಂಟಾಗಿ ಇಲ್ಲದ್ದನ್ನು ಕಾಣುವರು. ಇದನ್ನು ದೆವ್ವದ ಕಾಟವೆಂದು ತಿಳಿದು ಮಂತ್ರಗಾರನ ಬಳಿಗೆ ಓಡುವದಾಗಲಿ, ಪ್ರಾರ್ಥನೆ ಮಾತ್ರ ಸಾಕೆಂದು ಮನೆಯಲ್ಲಿ ಕೂಡಿಹಾಕುವದಾಗಲಿ ಪ್ರಾಣಕ್ಕೆ ಅಪಾಯಕರವು. ತಾಲ್ಲೂಕು ಆಸ್ಪತ್ರೆಗಾದರೂ ಮಂಡ್ಯದ ಜಿಲ್ಲಾ ಆಸ್ಪತ್ರೆಗಾದರೂ ಕರೆದೊಯ್ಯತಕ್ಕದ್ದು. ಕಠಿಣವಾದ ಸಂದರ್ಭಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಉಂಟು. 14446 ಎಂಬ ಸರಕಾರಿ ಸಹಾಯವಾಣಿಗೆ ಖರ್ಚಿಲ್ಲದೆ ಫೋನು ಮಾಡಿ ಸಲಹೆ ಕೇಳಬಹುದು. ಈ ಸಾಮ್ಯವನ್ನು ಬರೆದಿಟ್ಟ ಲೂಕನೇ ವೈದ್ಯನಾಗಿದ್ದನೆಂಬದನ್ನು ನಾವು ಮರೆಯಬಾರದು.

2. ಅವನನ್ನು ಒಂಟಿಯಾಗಿ ಬಿಡಬಾರದು.

1935ನೆಯ ಇಸವಿಯಲ್ಲಿ ಬಿಲ್ ವಿಲ್ಸನ್ ಎಂಬ ಅಮೇರಿಕದವನು ಕುಡಿತವನ್ನು ಬಿಟ್ಟು ಕೆಲವು ತಿಂಗಳಾಗಿರಲು, ಆಕ್ರನ್ ಎಂಬ ಪರವೂರಿನಲ್ಲಿ ವ್ಯಾಪಾರವು ಕೆಟ್ಟು, ಪುನಃ ಕುಡಿಯಬೇಕೆಂಬ ಆಶೆಯು ಅವನನ್ನು ಹಿಡಿಯಿತು. ಆಗ ಅವನು ಅಲ್ಲಿಯ ಒಬ್ಬ ಪಾದ್ರಿಗೆ ಫೋನು ಮಾಡಿ, ತನ್ನಂತೆಯೇ ಕಷ್ಟಪಡುವ ಬೇರೊಬ್ಬನನ್ನು ತೋರಿಸಿಕೊಡಬೇಕೆಂದು ಕೇಳಿಕೊಂಡನು. ಹೀಗೆ ಅವನಿಗೆ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಪರಿಚಯವಾಯಿತು. ಇವರಿಬ್ಬರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಹುಟ್ಟಿ ಲೋಕದಲ್ಲೆಲ್ಲಾ ಹರಡಿತು. ಮತ್ತೊಬ್ಬನಿಗೆ ಕೈಕೊಡುವವನು ತಾನೂ ಬೀಳದೆ ನಿಲ್ಲುವನೆಂಬದು ಅವರು ಕಂಡುಕೊಂಡ ಸಂಗತಿ.

ನಮ್ಮ ನಾಡಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡಿಸುತ್ತಾರೆ. ಸುಮಾರು ಎಂಟು ದಿನ ಕುಡುಕರು ಒಂದೇ ಕಡೆ ಇದ್ದು, ಚಿಕಿತ್ಸೆ, ಉಪದೇಶ, ಭಜನೆ ಇವುಗಳಲ್ಲಿ ಸೇರುತ್ತಾರೆ, ಮನೆಯವರನ್ನೂ ಕರೆಯುತ್ತಾರೆ. ತರುವಾಯ ಬಿಟ್ಟವರೆಲ್ಲಾ ನವಜೀವನ ಸಮಿತಿಯೆಂಬ ಹೆಸರಿನಿಂದ ಕೂಡಿಬರುತ್ತಾರೆ. ಇದು ನಮ್ಮ ಮತದವರ ಕೆಲಸವಲ್ಲದಿದ್ದರೂ ನಾವು ಇದರಿಂದ ಕಲಿಯತಕ್ಕದ್ದು ಬಹಳವುಂಟು. ಎಂಟು ದಿನಗಳು ಆರಂಭ ಮಾತ್ರವೇ. ಮುಂದಣ ತಿಂಗಳುಗಳಲ್ಲಿ ಜೊತೆಗಾರರು ಬೇಕು. ಉಪದೇಶಿಗಳೂ ಹಿರಿಯರೂ ವಾರಕ್ಕೊಂದು ಸಾಯಂಕಾಲವನ್ನು ಇದಕ್ಕೋಸ್ಕರ ಪ್ರತ್ಯೇಕಿಸಲಿ. ಅವನ ಹೆಂಡತಿಯನ್ನು ಇನ್ನೊಬ್ಬ ಸಹೋದರಿಯು ಹೋಗಿ ವಿಚಾರಿಸಲಿ. ಯಾಕಂದರೆ ಆಕೆಯ ಭಯವು ಗಂಡನ ಒಂದು ಪ್ರತಿಜ್ಞೆಯಿಂದ ಹೋಗುವಂಥದ್ದಲ್ಲ.

3. ಬರಿದಾದ ಸಾಯಂಕಾಲವನ್ನು ತುಂಬಿಸಬೇಕು.

ಅಂಗಡಿಗೆ ಹೋಗುತ್ತಿದ್ದ ವೇಳೆಯು ದಿನಾಲೂ ಬರುವದು. ಆ ವೇಳೆಯಲ್ಲಿ ಕೈಗೆ ಕೆಲಸವೂ ಬಾಯಿಗೆ ಹಾಡೂ ಇದ್ದರೆ ಒಳ್ಳೇದು. ರೇಷ್ಮೆ ಸಾಕುವ ಮನೆಗಳಲ್ಲಿ ಸಂಜೆಯ ಸೊಪ್ಪನ್ನು ಹಾಕುವ ಹೊಣೆಯನ್ನು ಅವನಿಗೇ ಒಪ್ಪಿಸಿರಿ. ಹುಳವು ನಾಲ್ಕನೆಯ ಜ್ವರವನ್ನು ಕಳೆದ ಮೇಲೆ ತಡಮಾಡಿದರೆ ಸಹಿಸದು. ಕೋಲಾಟ ಬಲ್ಲವನಾದರೆ ಹುಡುಗರಿಗೆ ಕಲಿಸಲಿ. ಅದರಲ್ಲಿ ಒಬ್ಬನು ತಪ್ಪಿದರೆ ಪಕ್ಕದವನ ಕೋಲೂ ತಪ್ಪುವದರಿಂದ, ತಾನು ಬೇಕಾದವನೆಂಬದು ಅವನಿಗೆ ತಿಳಿಯುವದು. ಭಜನೆಯಲ್ಲಿ ತಾಳವನ್ನಾಗಲಿ ತಬಲವನ್ನಾಗಲಿ ಅವನ ಕೈಗೆ ಕೊಡಿರಿ. ಇವು ಔಷಧಕ್ಕೆ ಬದಲಲ್ಲ. ಔಷಧವು ಮುಗಿದ ಮೇಲೆ ಬದುಕನ್ನು ಕಟ್ಟುವ ಸಾಧನಗಳು.

4. ಹಿರೀ ಮಗನ ಸ್ವಭಾವವನ್ನು ಬಿಡಬೇಕು.

ತಂದೆಯು ಓಡಿಬಂದು ಅಪ್ಪಿಕೊಂಡನು. ಅಣ್ಣನಾದರೋ ಒಳಗೆ ಬರಲೊಲ್ಲದೆ ತಮ್ಮನ ಹಳೇ ನಡತೆಯನ್ನು ಎಣಿಸಿದನು. ಬಿಟ್ಟವನನ್ನು ಈಗಲೂ ಕುಡುಕನೆಂದು ಕರೆಯುವವನೂ, ಎಷ್ಟು ದಿನ ನೋಡೋಣವೆಂದು ನಗುವವನೂ ಈ ಅಣ್ಣನೇ. ಬೀಗರೂಟದಲ್ಲಿಯೂ ತಿಥಿಯಲ್ಲಿಯೂ ಒಂದೇ ಗುಟುಕೆಂದು ಬಲವಂತ ಮಾಡುವವನು ಅವನಿಗಿಂತ ಕೆಟ್ಟವನು. ಕರ್ತನ ಭೋಜನದಲ್ಲಿಯೂ ಎಚ್ಚರವಿರಲಿ. 1869ರಲ್ಲಿ ಅಮೇರಿಕದ ಮೆಥೊಡಿಸ್ಟನಾದ ಥಾಮಸ್ ವೆಲ್ಚ್ ಎಂಬವನು ದ್ರಾಕ್ಷಾರಸವನ್ನು ಹುಳಿಯೇರದಂತೆ ಇಡುವ ಉಪಾಯವನ್ನು ಇದಕ್ಕಾಗಿಯೇ ಕಂಡುಹಿಡಿದನು. ಅಂಥ ರಸವನ್ನೇ ಉಪಯೋಗಿಸಿದರೆ ಯಾರಿಗೂ ಎಡವುಗಲ್ಲಾಗದು.

ಅನೇಕರು ಒಂದೆರಡು ಸಾರಿ ಪುನಃ ಬೀಳುವರು. ಬಿದ್ದ ದಿನವೇ ಅವನನ್ನು ನೋಡಹೋಗಿರಿ. ಗದರಿಸಿದರೆ ಅಡಗಿಕೊಳ್ಳುವನು, ಅಡಗಿಕೊಂಡವನಿಗೆ ಸಹಾಯಮಾಡುವದು ಕಷ್ಟ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು:

ನಮ್ಮ ಊರಿನಲ್ಲಿ ಕುಡಿತವನ್ನು ಬಿಟ್ಟವರು ಯಾರು? ಕಳೆದ ವಾರ ಅವರ ಮನೆಗೆ ನಮ್ಮಲ್ಲಿ ಯಾರು ಹೋಗಿದ್ದೆವು? ನಮ್ಮ ಮನೆಯ ಮುಂದಿನ ಮದುವೆಯಲ್ಲಿ ಅವರು ನಿರ್ಭಯವಾಗಿ ಊಟಕ್ಕೆ ಕೂತುಕೊಳ್ಳಬಹುದೋ?